ಗಾಳಿಗಂಡಿ

ಕಾಟನ್‌ಪೇಟೆ, ದರ್ಗಾ ಸಂದಿಯ ಮೂರನೇ ಷಟರ್.
ನನ್ನ ಕೆಲಸ ಕೊಯ್ಯೋದು.
ಯಂತ್ರದ ಬಾಯಿಂದ ಬಿಸಿಬಿಸಿ ಇಳಿದ ಫ್ಲೆಕ್ಸಿಗೆ
ಅರ್ಧಚಂದ್ರದ ಗಂಡಿ, ಮೂರು ಅಡಿಗೊಂದು.
ಇಲ್ಲದಿದ್ದರೆ ಗಾಳಿ ತುಂಬಿಕೊಂಡು
ನಾಯಕರು ಕಂಬದ ಸಮೇತ ಮಗುಚಿಕೊಳ್ಳುತ್ತಾರೆ.

ಮುಖಕ್ಕೆ ಮಾತ್ರ ಬ್ಲೇಡು ತಾಗಿಸಬೇಡ:
ಓನರ್ ಹೇಳಿಕೊಟ್ಟದ್ದು ಇದೊಂದೇ.
ಉಳಿದ ಪಾಠ ಫಿಲೋಮಿನಾ ಮೇಡಂದು,
ಚಾಮರಾಜಪೇಟೆಯ ಸಂಜೆ ಕಾಲೇಜಿನಲ್ಲಿ,
ಟ್ಯೂಬ್‌ಲೈಟು ಕಣ್ಣು ಹೊಡೆಯುವ ಕೋಣೆಯಲ್ಲಿ.
"ಚಿತ್ರ ಏನು ತೋರಿಸ್ತಿದೆ, ಆಮೇಲೆ ನೋಡೋಣ.
ನಿಮ್ಮನ್ನ ಎಲ್ಲಿ ನಿಲ್ಲಿಸಿ ತೋರಿಸ್ತಿದೆ?
ಮೊದಲು ಅದು."
ಅವತ್ತು ಮನೆಗೆ ನಡೆಯುವಾಗ
ಸಿರ್ಸಿ ಸರ್ಕಲ್ಲಿನ ನಲವತ್ತಡಿ ಹೀರೋನ
ಗಲ್ಲದ ತಳಭಾಗ ಕಂಡಿತು, ಮೂಗಿನ ಹೊಳ್ಳೆ ಕಂಡಿತು.
ಕತ್ತು ನೋಯುತ್ತಿತ್ತು.
ಓ, ಇಲ್ಲಿ ನಿಲ್ಲಿಸಿದ್ದಾರೆ ನನ್ನ.

ಶಾಯಿಸ್ತಾಳ ಕಂಪ್ಯೂಟರಿನಲ್ಲಿ ಎಲ್ಲ ಪದರ ಪದರ.
ಒಂದರಲ್ಲಿ ಮೋಡ, ಒಂದರಲ್ಲಿ ಸಿಂಹ,
ಇನ್ನೊಂದರಲ್ಲಿ ತಲೆಯ ಹಿಂದೆ ಇಡುವ ಸೂರ್ಯ;
ಕಿಡಿ ಬೇರೆ, ಹೊಗೆ ಬೇರೆ, ಚಿಮ್ಮಿದ ರಕ್ತ ಬೇರೆ.
ಸೋಮವಾರ ಹೀರೋನ ಹುಟ್ಟುಹಬ್ಬ.
ಮಂಗಳವಾರ ಅದೇ ಫೈಲು, ತಲೆ ಮಾತ್ರ ಕಿತ್ತು
ಟಿಕೆಟ್ ಆಕಾಂಕ್ಷಿ ಗಂಗಬೈಲಪ್ಪನವರ ತಲೆ.
ಮಚ್ಚು ಹಿಡಿದ ಕೈಗೆ ಬದಲಾಗಿ ಮುಗಿದ ಕೈ.
ರಕ್ತವನ್ನು ಕೊಂಚ ತೆಳು ಮಾಡಿದಳು,
ಗುಲಾಬಿ ಎಸಳಾಯಿತು.
"ಸಿಂಹ ಇರಲಿ ಕಣಮ್ಮ," ಅಂದರು ಅವರ ಕಡೆಯವರು.
ಸಿಂಹ ಯಾವ ಪಕ್ಷದ್ದೂ ಅಲ್ಲ.
ಎಲ್ಲ ಪಕ್ಷಕ್ಕೂ ಬಾಡಿಗೆಗೆ ಹೋಗುತ್ತದೆ.

ಅಸಲಿ ಬರಹ ಇರುವುದು ಕೆಳಗಿನ ಸಾಲಲ್ಲಿ:
ಅಂಚೆಚೀಟಿಯಷ್ಟು ಮುಖಗಳು,
ಕೂಲಿಂಗ್ ಗ್ಲಾಸು, ಕಿವಿಗೆ ಫೋನು,
ಮುಖವೊಂದಕ್ಕೆ ಇನ್ನೂರೈವತ್ತು.
ಎರಡನೇ ಸಾಲಿನ ಐದನೆಯವನು ನನ್ನ ತಮ್ಮ.
ಕಟ್ಟಿದ ಮಾರನೇ ದಿನ ಅಮ್ಮನನ್ನು ಆಟೋದಲ್ಲಿ ಕರೆದೊಯ್ದು ತೋರಿಸಿದ.
ಅಮ್ಮ ಸಿಂಹ ನೋಡಲಿಲ್ಲ. ಸೂರ್ಯ ನೋಡಲಿಲ್ಲ.
ಗಂಗಬೈಲಪ್ಪ ಯಾರೆಂದೂ ಕೇಳಲಿಲ್ಲ.
"ತಲೆ ಬಾಚ್ಕೋಬಾರದಿತ್ತೇನೋ," ಅಂದಳು,
ಸೆರಗಿನಿಂದ ಅವನ ಮುಖ ಒರೆಸಿದಳು.
ಫ್ಲೆಕ್ಸಿನ ಮೇಲಿನ ಮುಖ.
ಮೇಡಂ, ಈ ಥರ ಓದುವುದಕ್ಕೆ
ನಿಮ್ಮ ಪುಸ್ತಕದಲ್ಲಿ ಹೆಸರುಂಟೆ?

ಯಲ್ಲೋಜಿರಾಯರು ಕೈಯಲ್ಲಿ ಕಟೌಟು ಬರೆದವರು,
ಈಗ ಅಂಚಿಗೆ ರಿಂಗು ಹೊಡೆಯುತ್ತಾರೆ.
"ಮುಖ ದೊಡ್ಡ ಪೇಂಟರದು. ಪಾದ ನಮಗೆ ಬಿಡೋರು.
ಒಂದ್ಸಲ ಹೀರೋನ ಬೂಟಿಗೆ ತೇಪೆ ಬರೆದೆ,
ನಮ್ಮಪ್ಪನ ಮೆಟ್ಟಿಗಿದ್ದಂಥದ್ದು, ಹೊಲಿಗೆ ಸಮೇತ.
ಹಾಲು ಸುರಿದೋರು, ಹಾರ ಹಾಕಿದೋರು,
ಒಬ್ಬನಾದ್ರೂ ನೋಡಿದ್ನಾ?
ಹಾಲು ನೆಕ್ಕಕ್ಕೆ ಬಂದ ನಾಯಿ ಅಲ್ಲೇ ಮೂಸ್ತು ನೋಡು."
ಬೀಡಿ ಕಚ್ಚಿಕೊಂಡೇ ನಗುತ್ತಾರೆ.

ಗಂಗಬೈಲಪ್ಪನವರ ಫ್ಲೆಕ್ಸು ನೆಲದಲ್ಲಿ ಮಲಗಿತ್ತು.
ಮೊಣಕಾಲೂರಿ ಅವರ ಎದೆಯ ಮೇಲೆ ಕೂತೆ.
ಎಲ್ಲಿ ಕೊಯ್ಯಬೇಕು ಎಂಬುದು
ಮೊದಲ ಸಲ ಪ್ರಶ್ನೆಯಾಯಿತು.
ಸಿಂಹದ ಹಲ್ಲಿಗೆ ಒಂದು.
ಸೂರ್ಯನ ನಡುವಿಗೆ ಒಂದು.
"ಜನಸೇವಕ"ದಲ್ಲಿ ಜನಕ್ಕೂ ಸೇವಕನಿಗೂ ಮಧ್ಯೆ
ಎಂದಿಗಿಂತ ಎರಡಂಗುಲ ಅಗಲ.
ತಮ್ಮನ ಸಾಲಿಗೆ ಬಂದಾಗ ಬ್ಲೇಡು ಎತ್ತಿ ದಾಟಿದೆ.
ರಾತ್ರಿ ಬಸ್ಸಿನಲ್ಲಿ ಏನೋ ಮಾಡಿದವಳ ಹಾಗೆ
ನೆಟ್ಟಗೆ ಕೂತಿದ್ದೆ.

ಏಪ್ರಿಲ್ಲಿನ ಗಾಳಿ ಒಂದೂವರೆಗೆ ಎದ್ದಿತು.
ಬೆಳಗ್ಗೆ ಮೈಸೂರು ರಸ್ತೆ ಉದ್ದಕ್ಕೂ
ಬೇರೆ ಅಂಗಡಿಯ ಧಣಿಗಳು ಬೋರಲು ಬಿದ್ದಿದ್ದರು,
ಒಬ್ಬ ಹೀರೋನ ಮೇಲೆ ಬಿಎಂಟಿಸಿ ಹಾದುಹೋಗಿತ್ತು.
ನಮ್ಮದು ನಿಂತಿತ್ತು.
ಗಂಡಿಗಳು ನಾಲಗೆಯಂತೆ ಪಟಪಟ ಆಡುತ್ತಿದ್ದವು,
ಅವುಗಳ ಮೂಲಕ ಆಚೆಯ ಮೇಲ್ಸೇತುವೆ,
ಒಂದು ಚೂರು ಬರೀ ಆಕಾಶ.
"ನಿನ್ನ ಕೈ ಚೆನ್ನಾಗಿ ಕೂತಿದೆ," ಅಂದರು ಓನರ್,
"ಅದಕ್ಕೇ ಬಿದ್ದಿಲ್ಲ,"
ಜೇಬಿಂದ ನೂರು ತೆಗೆದು ಕೊಟ್ಟರು.

ಮೇಡಂಗೆ ಹೇಳಿದೆ.
ಬೆರಳಿನ ಸೀಮೆಸುಣ್ಣ ಒರೆಸಿಕೊಳ್ಳುತ್ತಾ
ತುಂಬ ಹೊತ್ತು ಸುಮ್ಮನಿದ್ದರು.
ಆಮೇಲೆ ಹಾಜರಿ ಕೂಗಿದರು.

ನಾಳೆ ಇನ್ನೊಂದು ಇಳಿಯುತ್ತದೆ, ಅರವತ್ತಡಿಯದು.
ಬ್ಲೇಡು ಬದಲಾಯಿಸಿದ್ದೇನೆ.